ಜೋ ಸ್ಯಾಂಪಲ್, ರ‍್ಯಾಂಡಿ ಕ್ರಾಫರ್ಡ್ ಜೋಡಿಯ ‘ಫೀಲಿಂಗ್ ಗುಡ್’: ಇದು ಜಾಝಾ, ಸೋಲಾ, ಇಲ್ಲ ಹೋಟೆಲ್ ಲಾಬಿ ಸಂಗೀತಾನಾ?

ಹಳೇಕ್ಯಾಸೆಟ್

ಮೂರು ವಾರದಿಂದ ಒಂದೇ ಆಲ್ಬಮ್ ಕೇಳುತ್ತಿದ್ದೇನೆ. ಮನೆಯವರಿಗೆ ಸಾಕಾಗಿ ಹೋಗಿದೆ, ಅದಕ್ಕೇ ಇಲ್ಲಿಗೆ ಬಂದೆ.

ಆಲ್ಬಮ್ ಹೆಸರು ‘ಫೀಲಿಂಗ್ ಗುಡ್’, 2006ರದ್ದು. ಪಿಯಾನೊ ಜೋ ಸ್ಯಾಂಪಲ್, ಹಾಡಿರುವುದು ರ‍್ಯಾಂಡಿ ಕ್ರಾಫರ್ಡ್. ಡ್ರಮ್ಸ್ ಸ್ಟೀವ್ ಗ್ಯಾಡ್, ಬೇಸ್ (ಕೆಳಗಿನ ಸ್ವರಗಳ ತಂತಿವಾದ್ಯ) ಕ್ರಿಶ್ಚಿಯನ್ ಮೆಕ್‌ಬ್ರೈಡ್. ನಿರ್ಮಾಪಕ ಟಾಮಿ ಲಿಪೂಮಾ. ಅಲ್ಲಲ್ಲಿ ಗಿಟಾರ್ ಬಂದು ಹೋಗುತ್ತದೆ, ಆದರೆ ಮನೆ ನಿಂತಿರುವುದು ಈ ನಾಲ್ಕು ಕಂಬದ ಮೇಲೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಸ್ಯಾಂಪಲ್ ‘ಕ್ರುಸೇಡರ್ಸ್’ ಅನ್ನುವ ತಂಡದ ಪಿಯಾನೊ ವಾದಕ. ಅದು ಮುಖ್ಯವಾಗಿ ವಾದ್ಯಗಳ ತಂಡ. 1979ರಲ್ಲಿ ‘ಸ್ಟ್ರೀಟ್ ಲೈಫ್’ ಅನ್ನುವ ಹಾಡಿಗೆ ಹೊರಗಿನಿಂದ ಒಬ್ಬ ಗಾಯಕಿಯನ್ನು ಕರೆಸಿದರು. ಅವರೇ ಕ್ರಾಫರ್ಡ್, ಆಗ 27 ವರ್ಷ. ಆಲ್ಬಮ್‌ನಲ್ಲಿ ಆ ಹಾಡು 11 ನಿಮಿಷ ದಾಟುತ್ತದೆ. ಚಿಕ್ಕದು ಮಾಡಿ ಸಿಂಗಲ್ ಆಗಿ, ಅಂದರೆ ಒಂಟಿ ಹಾಡಾಗಿ ಬಿಟ್ಟಾಗ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಬ್ರಿಟನ್‌ನಲ್ಲಿ 5ನೇ ಸ್ಥಾನಕ್ಕೆ ಹೋಯಿತು, ಅಮೆರಿಕದಲ್ಲಿ 36ಕ್ಕೆ ನಿಂತಿತು. ಸಂಗೀತ ಸ್ಯಾಂಪಲ್ ಅವರದು, ಸಾಹಿತ್ಯ ವಿಲ್ ಜೆನ್ನಿಂಗ್ಸ್ ಅವರದು. ಟೈಟಾನಿಕ್ ಸಿನಿಮಾದ್ದು ಒಂದು ಹಾಡು ಇದೆಯಲ್ಲ, ಮದುವೆಮನೆ ಆರ್ಕೆಸ್ಟ್ರಾದವರೂ ಬಿಡದ್ದು, ಅದರ ಸಾಹಿತ್ಯ ಬರೆದವರೂ ಇದೇ ಜೆನ್ನಿಂಗ್ಸ್.

ಈಗ ನನ್ನ ಮಾತು. 1979ರಲ್ಲಿ ಕ್ರಾಫರ್ಡ್ ಆ ತಂಡದ ಮನೆಗೆ ಬಂದ ನೆಂಟರು. ಅಡುಗೆ ಮೊದಲೇ ಆಗಿತ್ತು, ಎಲೆ ಹಾಕಿದ್ದರು, ಬಂದು ಕೂತರು. 2006ರಲ್ಲಿ ಮನೆ ಆಕೆಯದು. ಸ್ಯಾಂಪಲ್ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿದ್ದಾರೆ. ತಂಡ ಕಟ್ಟಿ ನಡೆಸಿದ ಮನುಷ್ಯ ಇಲ್ಲಿ ಪಕ್ಕವಾದ್ಯಕ್ಕೆ ಕೂತಿದ್ದಾರೆ, ಅದೂ ಖುಷಿಯಿಂದ. ಎಷ್ಟೋ ಕಡೆ ಎರಡು ಸಾಲು ಹಾಡು ಮುಗಿಯುವವರೆಗೂ ಬಲಗೈ ಸುಮ್ಮನೇ ಇರುತ್ತದೆ. ಅದನ್ನು ಕೇಳಿಸಿಕೊಳ್ಳುವುದಕ್ಕೇ ನನಗೆ ಹತ್ತು ಸಲ ಬೇಕಾಯಿತು.

ಯಾರಾದರೂ ಕೇಳಿದ್ದೀರಾ?

ತಿಳಿಸಾರು

ಕೇಳಿದ್ದೇನೆ. ಚೆನ್ನಾಗಿದೆ. ಅಷ್ಟೇ.

ಬೈಯಬೇಡಿ, ನೇರವಾಗಿ ಹೇಳುತ್ತೇನೆ. ಇದು ದೊಡ್ಡ ಹೋಟೆಲ್‌ನಲ್ಲಿ ಲಿಫ್ಟ್‌ಗೆ ಕಾಯುವಾಗ ಬರುವ ಸಂಗೀತ. ನುಡಿಸುವವರು ಒಬ್ಬರಿಗಿಂತ ಒಬ್ಬರು ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲಿಯೂ ಯಾರೂ ಕಾಲು ಜಾರುವುದಿಲ್ಲ. ನನಗೆ ಜಾಝ್ ಅಂದರೆ ಅಂಚಿನಲ್ಲಿ ನಡೆಯುವುದು, ಈಗ ಬಿದ್ದ ಈಗ ಬಿದ್ದ ಅನ್ನಿಸಬೇಕು. ಇಲ್ಲಿ ಎಲ್ಲರೂ ಕೈಗೆ ಕಂಬಿ ಹಿಡಿದುಕೊಂಡೇ ಮೆಟ್ಟಿಲು ಇಳಿಯುತ್ತಾರೆ.

ಇನ್ನೊಂದು. ಹಾಡುಗಳ ಪಟ್ಟಿ ನೋಡಿ. ಬಹಳಷ್ಟು ಬೇರೆಯವರು ಹಾಡಿ ಮುಗಿಸಿದವು. ಲಿಯೊ ಸೇಯರ್ 1970ರ ದಶಕದಲ್ಲಿ ಹಾಡಿದ ಪಾಪ್ ಹಾಡು ಕೂಡ ಇದೆ. ಯಾಕೆ? ಪಿಯಾನೊ ಮತ್ತು ಹಾಡು ಅಂದರೆ ನಾನು ಗಾಯಕ ಟೋನಿ ಬೆನೆಟ್, ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ 1975ರ ಆಲ್ಬಮ್ ಹಾಕುತ್ತೇನೆ. ಅಲ್ಲಿ ಇಬ್ಬರೇ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಅಡಗಿಕೊಳ್ಳಲು ಮೂಲೆ ಇಲ್ಲ.

ರಾತ್ರಿಪಾಳಿ

ಶೀರ್ಷಿಕೆಯಲ್ಲಿ ‘ಸೋಲಾ’ ಅಂತ ಓದಿ ಯಾರೋ ಯಾವುದೋ ಪಂದ್ಯ ಸೋತಿದ್ದಾರೆ ಅಂದುಕೊಂಡು ಒಳಗೆ ಬಂದೆ. ಬಂದಿದ್ದೇನೆ, ಇನ್ನು ಕೇಳಿಯೇ ಹೋಗುತ್ತೇನೆ.

ಹಳೇಕ್ಯಾಸೆಟ್

@ರಾತ್ರಿಪಾಳಿ ಹ್ಹಹ್ಹ, ಕನ್ನಡದಲ್ಲಿ ಬರೆದರೆ ಹಾಗೇ ಆಗುತ್ತದೆ. ಇದು ಇಂಗ್ಲಿಷಿನ ‘ಸೋಲ್’, ಚರ್ಚಿನ ಹಾಡಿನಿಂದ ಬೆಳೆದ ಅಮೆರಿಕದ ಕರಿಯರ ಸಂಗೀತ. ಅದರಲ್ಲಿ ಅರ್ಧ ಹಾಡು ಪ್ರೀತಿಯಲ್ಲಿ ಸೋತವರದ್ದೇ, ಹಾಗಾಗಿ ನೀವು ಪೂರ್ತಿ ತಪ್ಪೇನೂ ಅಲ್ಲ.

@ತಿಳಿಸಾರು ಬೆನೆಟ್, ಇವಾನ್ಸ್ ಬೇರೆ ಲೆಕ್ಕ. ಆ ಆಲ್ಬಮ್ ನನಗೂ ಇಷ್ಟ. ಆದರೆ ಅಲ್ಲಿ ಇವಾನ್ಸ್ ಸುಮ್ಮನೆ ಇರುವವರಲ್ಲ, ಹಾಡಿನ ಪಕ್ಕದಲ್ಲೇ ಇನ್ನೊಂದು ಕಥೆ ಹೇಳುತ್ತಿರುತ್ತಾರೆ. ಸ್ಯಾಂಪಲ್ ಹಾಗೆ ಮಾಡುವುದಿಲ್ಲ. ಮಾಡಲು ಬರುವುದಿಲ್ಲ ಅಂತಲ್ಲ, ಬೇಡ ಅಂತ ಬಿಟ್ಟಿದ್ದಾರೆ. ನನ್ನ ಇಡೀ ವಾದ ಆ ‘ಬೇಡ’ದ ಮೇಲೇ ನಿಂತಿದೆ.

ಎಡಗೈ

ನಾನು ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತೇನೆ, ಇಪ್ಪತ್ತು ವರ್ಷದಿಂದ. ಇಂಥ ಚರ್ಚೆ ಕಂಡರೆ ಕೈ ಸುಮ್ಮನಿರುವುದಿಲ್ಲ, ಉದ್ದ ಆದರೆ ಕ್ಷಮಿಸಿ.

‘ಕಂಬಿ ಹಿಡಿದು ಮೆಟ್ಟಿಲು ಇಳಿಯುತ್ತಾರೆ’ ಅನ್ನುವ ಮಾತು ಚೆನ್ನಾಗಿದೆ, ಆದರೆ ಒಪ್ಪುವುದಿಲ್ಲ. ಏಕೆಂದರೆ ಹಾಡುವವರ ಹಿಂದೆ ನುಡಿಸುವುದು ಒಂಟಿಯಾಗಿ ನುಡಿಸುವುದಕ್ಕಿಂತ ಕಷ್ಟ. ಒಂಟಿಯಾಗಿ ನುಡಿಸುವಾಗ ತಪ್ಪಾದರೆ ಅದನ್ನೇ ಇನ್ನೊಂದು ಸಲ ನುಡಿಸಿ, ಬೇಕಂತಲೇ ಮಾಡಿದೆ ಅಂತ ಮುಖ ಮಾಡಬಹುದು. ಹಾಡುವವರ ಹಿಂದೆ ಆ ಆಟ ನಡೆಯುವುದಿಲ್ಲ.

ಸ್ಯಾಂಪಲ್ ಈ ವಿದ್ಯೆ ಕಲಿತದ್ದು ಎಲ್ಲಿ ಅಂತ ನೋಡಿ. 1970ರ ದಶಕದಲ್ಲಿ ಲಾಸ್ ಏಂಜಲಿಸ್‌ನ ಸ್ಟುಡಿಯೊಗಳಲ್ಲಿ ಅವರು ಬೇರೆಯವರಿಗೆ ನುಡಿಸುತ್ತಲೇ ಇದ್ದರು. ಮಾರ್ವಿನ್ ಗೇಯ್ ಅವರ 1973ರ ಆಲ್ಬಮ್ ‘ಲೆಟ್ಸ್ ಗೆಟ್ ಇಟ್ ಆನ್’, ಜೋನಿ ಮಿಚೆಲ್ ಅವರ 1974ರ ‘ಕೋರ್ಟ್ ಅಂಡ್ ಸ್ಪಾರ್ಕ್’, ಸ್ಟೀಲಿ ಡ್ಯಾನ್ ತಂಡದ 1977ರ ‘ಏಜಾ’, ಎಲ್ಲದರಲ್ಲೂ ಅವರ ಕೈ ಇದೆ. ‘ಏಜಾ’ದ ಶೀರ್ಷಿಕೆ ಹಾಡಿನಲ್ಲಿ ಡ್ರಮ್ಸ್ ಯಾರು ಗೊತ್ತಾ? ಇದೇ ಸ್ಟೀವ್ ಗ್ಯಾಡ್. ಅದರ ಕೊನೆಯಲ್ಲಿ ಗ್ಯಾಡ್ ಸಿಡಿದೇಳುವುದನ್ನು ಡ್ರಮ್ಸ್ ಕಲಿಯುವ ಹುಡುಗರು ಇವತ್ತಿಗೂ ಬಾಯಿಪಾಠ ಮಾಡುತ್ತಾರೆ. ಅದೇ ಮನುಷ್ಯ ‘ಫೀಲಿಂಗ್ ಗುಡ್’ನಲ್ಲಿ ಎಷ್ಟು ಕಡಿಮೆ ಬಾರಿಸುತ್ತಾರೆ ಅಂದರೆ, ಹೆಡ್‌ಫೋನ್ ಹಾಕಿ ಕೂತರೆ ಮಾತ್ರ ಗೊತ್ತಾಗುತ್ತದೆ. ಸಿಡಿಯಲು ಬರುವವರು ಸಿಡಿಯದೇ ಇರುವುದರಲ್ಲಿ ಒಂದು ಬಿಗಿ ಇರುತ್ತದೆ. ಲಿಫ್ಟ್ ಸಂಗೀತದಲ್ಲಿ ಆ ಬಿಗಿ ಇರುವುದಿಲ್ಲ. ವ್ಯತ್ಯಾಸ ಅಲ್ಲಿದೆ.

ಇನ್ನು ಎಡಗೈ. ನನ್ನ ಹೆಸರೇ ಅದು, ಬಿಡಲು ಆಗುವುದಿಲ್ಲ. ಮೆಕ್‌ಬ್ರೈಡ್ ಅಂಥ ಬೇಸ್ ವಾದಕ ಪಕ್ಕದಲ್ಲಿ ಇದ್ದಾಗ ಸ್ಯಾಂಪಲ್ ಕೆಳಗಿನ ಆಧಾರ ಸ್ವರವನ್ನು ಅವರಿಗೇ ಬಿಟ್ಟುಕೊಡುತ್ತಾರೆ. ಕ್ರಾಫರ್ಡ್ ದನಿ ಇರುವ ಜಾಗ ಮಧ್ಯದ್ದು, ಅಲ್ಲಿಗೂ ಜಾಸ್ತಿ ಹೋಗುವುದಿಲ್ಲ. ಎರಡರ ನಡುವೆ ಒಂದು ಸಣ್ಣ ಓಣಿ ಉಳಿಯುತ್ತದೆ, ಅದರಲ್ಲೇ ಓಡಾಡುತ್ತಾರೆ. ಆಕೆ ಉಸಿರು ತೆಗೆದುಕೊಂಡಾಗ ಮಾತ್ರ ಬಲಗೈ ಮೇಲೆ ಹೋಗಿ ನಾಲ್ಕು ಸ್ವರ ಚೆಲ್ಲಿ ವಾಪಸ್ ಬರುತ್ತದೆ.

ಕೀಬೋರ್ಡ್ ಕಲಿಯೋನು

ಎಡಗೈ ಸರ್ (ಅಥವಾ ಮೇಡಂ), ಇದೇ ನನ್ನ ತೊಂದರೆ! ಅಕ್ಕ ಹಾಡುತ್ತಾಳೆ, ನಾನು ನುಡಿಸುತ್ತೇನೆ. ಆಧಾರ ಸ್ವರ, ಮಧ್ಯದ್ದು, ಮೇಲಿನದ್ದು ಎಲ್ಲಾ ಎರಡೂ ಕೈಯಲ್ಲಿ ಒತ್ತುತ್ತೇನೆ. ಅಕ್ಕ ‘ನಿನ್ನ ಗದ್ದಲದಲ್ಲಿ ನನ್ನ ದನಿಯೇ ಕೇಳಲ್ಲ’ ಅಂತ ಬೈಯುತ್ತಾಳೆ. ಕಡಿಮೆ ನುಡಿಸಿದರೆ ಬೋಳು ಬೋಳು ಅನಿಸುತ್ತದೆ. ಏನು ಬಿಡಬೇಕು, ಏನು ಇಟ್ಟುಕೊಳ್ಳಬೇಕು?

ಎಡಗೈ

ಮೇಡಂ. ಪರವಾಗಿಲ್ಲ.

ಒಂದೇ ಉದಾಹರಣೆ ಕೊಡುತ್ತೇನೆ, ಸಿ ಮೇಜರ್‌ನಲ್ಲಿ. ಜಾಝ್‌ನಲ್ಲಿ ನೂರು ಸಲ ಬರುವ ಮೂರು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು): ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್. ನಿಮ್ಮ ಹತ್ತಿರ ಬೇಸ್ ವಾದಕರು ಇಲ್ಲ, ಹಾಗಾಗಿ ಎಡಗೈಯಲ್ಲಿ ಬರೀ ಆಧಾರ ಸ್ವರ, ಒಂದೇ ಬೆರಳು: ಡಿ, ಜಿ, ಸಿ. ಬಲಗೈಯಲ್ಲಿ ಎರಡೇ ಸ್ವರ. ಮೊದಲ ಕಾರ್ಡ್‌ಗೆ ಎಫ್ ಮತ್ತು ಸಿ. ಎರಡನೆಯದಕ್ಕೆ ಎಫ್ ಹಾಗೇ ಇರಲಿ, ಸಿ ಒಂದು ಮೆಟ್ಟಿಲು ಇಳಿದು ಬಿ ಆಗುತ್ತದೆ. ಮೂರನೆಯದಕ್ಕೆ ಬಿ ಹಾಗೇ ಇರಲಿ, ಎಫ್ ಇಳಿದು ಇ ಆಗುತ್ತದೆ. ನೋಡಿದಿರಾ? ಪ್ರತಿ ಸಲ ಒಂದೇ ಬೆರಳು ಅಲ್ಲಾಡುತ್ತದೆ. ಆಧಾರ ಸ್ವರದಿಂದ ಎಣಿಸಿದರೆ, ಕಾರ್ಡ್ ಮೇಜರ್ರಾ ಮೈನರ್ರಾ ಅಂತ ಹೇಳುವುದು ಮೂರನೇ ಸ್ವರ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಸುಳಿವು ಕೊಡುವುದು ಏಳನೆಯದು. ಉಳಿದದ್ದೆಲ್ಲಾ ಒಗ್ಗರಣೆ.

ಒಂದು ವಾರ ಇಷ್ಟೇ ನುಡಿಸಿ. ಬೋಳು ಅನಿಸಿದರೆ ಅನಿಸಲಿ. ಆ ಬೋಳು ಜಾಗದಲ್ಲಿ ನಿಮ್ಮ ಅಕ್ಕ ಇರುತ್ತಾರೆ.

ಪಿಟೀಲು ಮನೆ

ಪಕ್ಕವಾದ್ಯ ಅನ್ನುವ ಪದ ಬಂತಲ್ಲ, ಅದಕ್ಕೊಂದು ತಕರಾರು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಪಿಟೀಲು. ಕಛೇರಿಯಲ್ಲಿ ಪಿಟೀಲು ಹಾಡುವವರ ನೆರಳಿನ ಹಾಗೆ ಹೋಗುತ್ತದೆ, ಅವರು ಒಂದು ಸಂಗತಿ ಹಾಕಿದರೆ, ಅಂದರೆ ಸಾಲನ್ನು ಬೇರೆ ಥರ ತಿರುಗಿಸಿ ಹಾಡಿದರೆ, ಅರ್ಧ ಕ್ಷಣ ಹಿಂದೆ ನಾವೂ ಅಲ್ಲಿರಬೇಕು. ಆಲಾಪನೆಯಲ್ಲಿ ಅವರು ಬಿಟ್ಟ ಜಾಗದಲ್ಲಿ ಅದನ್ನೇ ಹಿಡಿದು ಮುಂದುವರಿಸಬೇಕು. ಅಂದರೆ ನಾವು ಹಿಂದೆ ಬರುವವರು.

ಈ ಆಲ್ಬಮ್ ನಿನ್ನೆ ರಾತ್ರಿ ಕೇಳಿದೆ. ಪಿಯಾನೊ ಹಿಂದೆ ಬರುವುದಿಲ್ಲ. ಹಾಡು ಬರುವುದಕ್ಕೆ ಮುಂಚೆಯೇ ಬಂದು ಚಾಪೆ ಹಾಸಿ ಹೋಗಿರುತ್ತದೆ. ಗಾಯಕಿ ಆಮೇಲೆ ಬಂದು ಅದರ ಮೇಲೆ ಕೂರುತ್ತಾರೆ, ಕೆಲವು ಸಲ ಬೇಕಂತಲೇ ತಡವಾಗಿ ಬಂದು ಕೂರುತ್ತಾರೆ. ರಾಗ ಒಂದೇ ಇದ್ದಾಗ ಹಿಂಬಾಲಿಸಬಹುದು. ಕಾರ್ಡ್ ಬದಲಾಗುತ್ತಾ ಹೋಗುವ ಸಂಗೀತದಲ್ಲಿ ಯಾರಾದರೂ ಮುಂದೆ ಹೋಗಿ ಹೊಸ್ತಿಲು ಎಲ್ಲಿದೆ ಅಂತ ತೋರಿಸಲೇಬೇಕು. ಹಾಗಾಗಿ ‘ಪಕ್ಕ’ ಅನ್ನುವುದು ಇಲ್ಲಿ ಸರಿ ಹೊಂದುವುದಿಲ್ಲ ಅಂತ ನನಗೆ ಅನಿಸಿತು. ಬೇರೆ ಪದ ಏನು ಅಂತ ಕೇಳಬೇಡಿ, ಹೊಳೆದಿಲ್ಲ.

ವಿಷಯಕ್ಕೆ ಸ್ವಲ್ಪ ಹೊರಗಿನದು, ಆದರೂ ಹೇಳಿಬಿಡುತ್ತೇನೆ. ನಮ್ಮ ಕಡೆಯ ಹಾಡು, ಅವರ ಕಡೆಯ ವಾದ್ಯ ಸೇರಿದ್ದನ್ನು ಕೇಳಬೇಕು ಅಂದರೆ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ ಮಾಡಿದ ‘ಜ್ಯೋತಿ’ ಕೇಳಿ, 1983ರದ್ದು. ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ. ಅಲ್ಲಿ ಸ್ಯಾಕ್ಸೊಫೋನ್ ನಿಜವಾಗಲೂ ಪಿಟೀಲಿನ ಥರ ಹಿಂದೆ ಬರುತ್ತದೆ. ಎರಡನ್ನೂ ಒಂದೇ ಸಂಜೆ ಕೇಳಿದರೆ ನಾನು ಹೇಳಿದ್ದು ಅರ್ಥ ಆಗುತ್ತದೆ.

ಹಳೇಕ್ಯಾಸೆಟ್

ಚಾಪೆ ಹಾಸುವುದು! ಇದನ್ನು ಕದಿಯುತ್ತೇನೆ, ಹೇಳಿ ಕದಿಯುತ್ತಿದ್ದೇನೆ.

ಮಳೆ ಮೋಡ

ಕ್ರಾಫರ್ಡ್ ಬ್ರಿಟಿಷ್ ಗಾಯಕಿ ಅಲ್ವಾ? ಬ್ರಿಟ್ ಪ್ರಶಸ್ತಿ ಬಂದಿತ್ತು ಅಂತ ಎಲ್ಲೋ ಓದಿದ ನೆನಪು. ಬ್ರಿಟಿಷರು ಸೋಲ್ ಹಾಡಿದರೆ ಸ್ವಲ್ಪ ತಣ್ಣಗೇ ಇರುತ್ತದೆ, ತಿಳಿಸಾರು ಹೇಳುತ್ತಿರುವುದು ಅದೇ ಇರಬಹುದು.

ಹಳೇಕ್ಯಾಸೆಟ್

ಇಲ್ಲ ಇಲ್ಲ. ಹುಟ್ಟಿದ್ದು ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್ ಊರಿನಲ್ಲಿ, 1952ರಲ್ಲಿ. ಪ್ರಶಸ್ತಿ ಬಂದಿದ್ದು ನಿಜ, 1982ರಲ್ಲಿ, ವರ್ಷದ ಅತ್ಯುತ್ತಮ ಗಾಯಕಿ ಅಂತ. ಬ್ರಿಟನ್‌ನವರು ಅಷ್ಟು ಹಚ್ಚಿಕೊಂಡಿದ್ದರು, ಆಕೆ ತಮ್ಮವರಲ್ಲ ಅನ್ನುವುದನ್ನೇ ಮರೆತರೇನೋ. ತವರಲ್ಲಿ ಸಿಗದ ಹೆಸರು ಯುರೋಪಿನಲ್ಲಿ ಸಿಕ್ಕಿತು. 1980ರ ‘ವನ್ ಡೇ ಐ ವಿಲ್ ಫ್ಲೈ ಅವೇ’ ಬ್ರಿಟನ್‌ನಲ್ಲಿ 2ನೇ ಸ್ಥಾನಕ್ಕೆ ಹೋಗಿತ್ತು. ಅದೂ ಸ್ಯಾಂಪಲ್, ಜೆನ್ನಿಂಗ್ಸ್ ಜೋಡಿ ಬರೆದ ಹಾಡೇ.

ಜಾಝ್ ಕೂಡ ಆಕೆಗೆ ಆಮೇಲೆ ಹಾಕಿಕೊಂಡ ಅಂಗಿ ಅಲ್ಲ. ಜಾಝ್ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆ್ಯಡರ್ಲಿ ಅವರ 1975ರ ‘ಬಿಗ್ ಮ್ಯಾನ್’ನಲ್ಲಿ ಆಗಲೇ ಹಾಡಿದ್ದರು, ‘ಸ್ಟ್ರೀಟ್ ಲೈಫ್’ಗಿಂತ ನಾಲ್ಕು ವರ್ಷ ಮೊದಲು.

ಮಳೆ ಮೋಡ

ಸರಿ, ತಣ್ಣಗೆ ಅಂದಿದ್ದನ್ನು ವಾಪಸ್ ತೆಗೆದುಕೊಂಡೆ.

ಗಲ್ಫ್ ಗಾಳಿ

ನಾನು ಹೂಸ್ಟನ್‌ನಲ್ಲಿ ಇದ್ದೇನೆ, ಹನ್ನೆರಡು ವರ್ಷ ಆಯಿತು. ಮೊದಲ ನಾಲ್ಕು ವರ್ಷ ಈ ಊರು ಅಂದರೆ ನನಗೆ ತೈಲ ಕಂಪನಿ, ಸೆಕೆ, ಟ್ರಾಫಿಕ್ ಅಷ್ಟೇ ಆಗಿತ್ತು. ಸಂಗೀತ ಇದೆ ಅಂತಲೇ ಗೊತ್ತಿರಲಿಲ್ಲ.

ಸ್ಯಾಂಪಲ್ ಇಲ್ಲಿಯವರು. 1939ರಲ್ಲಿ ಹುಟ್ಟಿದ್ದು, ಬೆಳೆದದ್ದು ಫಿಫ್ತ್ ವಾರ್ಡ್‌ನಲ್ಲಿ, ಕರಿಯರೇ ಹೆಚ್ಚಾಗಿದ್ದ ಬಡಾವಣೆ. ಫಿಲ್ಲಿಸ್ ವೀಟ್ಲಿ ಹೈಸ್ಕೂಲಿನಲ್ಲಿ ಡ್ರಮ್ಸ್‌ನ ಸ್ಟಿಕ್ಸ್ ಹೂಪರ್, ಸ್ಯಾಕ್ಸೊಫೋನ್‌ನ ವಿಲ್ಟನ್ ಫೆಲ್ಡರ್ ಜೊತೆಯಾದರು. ಆಮೇಲೆ ಟೆಕ್ಸಸ್ ಸದರ್ನ್ ವಿಶ್ವವಿದ್ಯಾಲಯದಲ್ಲಿ ಟ್ರಾಂಬೋನ್‌ನ ವೇಯ್ನ್ ಹೆಂಡರ್ಸನ್ ಸೇರಿದರು. ಎಲ್ಲರೂ ಲಾಸ್ ಏಂಜಲಿಸ್‌ಗೆ ಹೋಗಿ ‘ಜಾಝ್ ಕ್ರುಸೇಡರ್ಸ್’ ಆದರು, 1961ರಲ್ಲಿ ಮೊದಲ ಆಲ್ಬಮ್ ‘ಫ್ರೀಡಂ ಸೌಂಡ್’. 1971ರಲ್ಲಿ ಹೆಸರಿನಿಂದ ‘ಜಾಝ್’ ಪದವನ್ನೇ ಕಿತ್ತು ಹಾಕಿದರು!

ಜಾಝಾ ಅಲ್ಲವಾ ಅಂತ ನೀವಿಲ್ಲಿ ಹೊಡೆದಾಡುತ್ತಿದ್ದೀರಿ. ಆ ಮನುಷ್ಯ ಈ ಆಲ್ಬಮ್‌ಗಿಂತ 35 ವರ್ಷ ಮುಂಚೆಯೇ ಆ ಬೋರ್ಡ್ ಇಳಿಸಿ ಅಟ್ಟಕ್ಕೆ ಹಾಕಿದ್ದರು.

ಮತ್ತೆ ಇಲ್ಲಿ ಬಂದು ಕೇಳಿದರೆ ಅವರ ಕೈಯಲ್ಲಿ ಚರ್ಚಿನ ಗಾಸ್ಪೆಲ್, ಬ್ಲೂಸ್, ಪಕ್ಕದ ಲೂಸಿಯಾನದ ಕ್ರಿಯೋಲ್ ಜನರ (ಫ್ರೆಂಚ್, ಆಫ್ರಿಕನ್ ಮೂಲ ಬೆರೆತವರು) ಕುಣಿತದ ಹಾಡು ಎಲ್ಲಾ ಬೆರೆತಿರುವುದು ಗೊತ್ತಾಗುತ್ತದೆ. ಅವರ ಮನೆತನವೂ ಕ್ರಿಯೋಲ್. ಕೊನೆಗಾಲದಲ್ಲಿ ಕ್ರಿಯೋಲ್ ಜೋ ಬ್ಯಾಂಡ್ ಅಂತ ಕಟ್ಟಿಕೊಂಡು ಪಿಯಾನೊ ಬಿಟ್ಟು ಅಕಾರ್ಡಿಯನ್ ಹೆಗಲಿಗೆ ಹಾಕಿಕೊಂಡಿದ್ದರು. ಎಪ್ಪತ್ತು ದಾಟಿದ ಮೇಲೆ! 2014ರ ಸೆಪ್ಟೆಂಬರ್ 12ರಂದು ಇದೇ ಊರಿನಲ್ಲಿ ತೀರಿಕೊಂಡರು, 75 ವರ್ಷ. ಆಗ ನಾನು ಇಲ್ಲೇ ಇದ್ದೆ, ಅವರು ಯಾರು ಅಂತ ಗೊತ್ತಿರಲಿಲ್ಲ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ರಾತ್ರಿಪಾಳಿ

ಎರಡು ರಾತ್ರಿ ಕೇಳಿದೆ, ಕೆಲಸದ ನಡುವೆ. ಜಾಝ್ ಬಗ್ಗೆ ನನಗೆ ಗೊತ್ತಿರುವುದು ಸೊನ್ನೆ, ಆದರೆ ನೀನಾ ಸಿಮೋನ್ ಅವರನ್ನು ತುಂಬಾ ಕೇಳಿದ್ದೇನೆ. ಹಾಗಾಗಿ ಒಂದು ವಿಷಯ ಕಣ್ಣಿಗೆ ಬಿತ್ತು, ಇನ್ನೂ ಯಾರೂ ಹೇಳಿಲ್ಲ.

ಈ ಆಲ್ಬಮ್‌ನಲ್ಲಿ ಸಿಮೋನ್ ಹಾಡಿ ಹೆಸರಾದ ಮೂರು ಹಾಡು ಇವೆ. ಒಂದು ಶೀರ್ಷಿಕೆ ಹಾಡು. ಇನ್ನೊಂದು ‘ಸೀ ಲೈನ್ ವುಮನ್’. ಮೂರನೆಯದು ‘ಟೆಲ್ ಮಿ ಮೋರ್ ಅಂಡ್ ಮೋರ್’, ಅದನ್ನು ಬರೆದವರು ಜಾಝ್ ಗಾಯಕಿ ಬಿಲ್ಲಿ ಹಾಲಿಡೇ, ಸಿಮೋನ್ 1965ರಲ್ಲಿ ಹಾಡಿದರು. ಮೂರು ಹಾಡು ಒಂದೇ ಕಡೆ ಬಂದರೆ ಅದು ಸುಮ್ನೆ ಆದದ್ದಲ್ಲ. ಮತ್ತೆ ಸಿಮೋನ್ ತಾವೇ ಪಿಯಾನೊ ನುಡಿಸಿ ಹಾಡುತ್ತಿದ್ದವರು. ಅಲ್ಲಿ ಒಬ್ಬರೇ ಮಾಡಿದ್ದನ್ನು ಇಲ್ಲಿ ಇಬ್ಬರು ಹಂಚಿಕೊಂಡಿದ್ದಾರೆ.

ಶೀರ್ಷಿಕೆ ಹಾಡನ್ನು ಪಕ್ಕಪಕ್ಕ ಇಟ್ಟು ಕೇಳಿ. ಅದು ಮೂಲತಃ 1964ರ ಒಂದು ಸಂಗೀತ ನಾಟಕಕ್ಕೆ ಬರೆದದ್ದು. ಸಿಮೋನ್ 1965ರಲ್ಲಿ ಹಾಡಿದಾಗ ಮೊದಲು ದನಿ ಒಂದೇ, ಯಾವ ವಾದ್ಯವೂ ಇಲ್ಲ, ಆಮೇಲೆ ಹಿತ್ತಾಳೆ ವಾದ್ಯಗಳು ಗೋಡೆ ಒಡೆದುಕೊಂಡು ಬರುತ್ತವೆ. ಮೈ ಜುಂ ಅನ್ನುತ್ತದೆ. ಈಗ ಅದನ್ನು ಯಾರು ಹಾಡಿದರೂ ಆ ಗೋಡೆ ಒಡೆಯುವುದನ್ನೇ ಮಾಡುತ್ತಾರೆ, ರಿಯಾಲಿಟಿ ಶೋ ಮಕ್ಕಳಿಂದ ಹಿಡಿದು. ಕ್ರಾಫರ್ಡ್ ಮಾಡುವುದಿಲ್ಲ. ಗೆದ್ದವರ ಕೂಗು ಇಲ್ಲ. ಬೆಳಗ್ಗೆ ಎದ್ದು ಕಿಟಕಿ ತೆಗೆದು, ಪರವಾಗಿಲ್ಲ ಇವತ್ತು ಬಿಸಿಲಿದೆ ಅನ್ನುವ ಹಾಗೆ ಹಾಡುತ್ತಾರೆ. ನನಗೆ ರಾತ್ರಿ ಮೂರು ಗಂಟೆಗೆ ಅದೇ ಸರಿ ಅನಿಸಿತು.

ತಿಳಿಸಾರು

@ರಾತ್ರಿಪಾಳಿ ಇದು ಒಳ್ಳೆಯ ಗಮನ. ಒಪ್ಪಿದೆ. ಆದರೆ ಸಿಮೋನ್ ಹಾಡಿದ ಮೇಲೆ ಅದನ್ನು ಮತ್ತೆ ಮುಟ್ಟುವ ಅಗತ್ಯ ಏನಿತ್ತು ಅನ್ನುವ ಪ್ರಶ್ನೆ ನನಗೆ ಇನ್ನೂ ಹೋಗಿಲ್ಲ.

ಎಡಗೈ ಮೇಡಂ ಹೇಳಿದ ಮೇಲೆ ಹೆಡ್‌ಫೋನ್ ಹಾಕಿ ಇನ್ನೊಂದು ಸಲ ಕೂತೆ. ಗ್ಯಾಡ್ ವಿಷಯ ನಿಜ. ಅದರಲ್ಲಿ ನಾನು ತಪ್ಪಿದೆ. ‘ಬಟ್ ಬ್ಯೂಟಿಫುಲ್’ ಕೂಡ ಚೆನ್ನಾಗಿ ಬಂದಿದೆ, ಹಳೇ 1940ರ ದಶಕದ ಹಾಡು, ನಿಧಾನ, ಯಾರಿಗೂ ಅವಸರ ಇಲ್ಲ. ಆದರೆ ಲಿಯೊ ಸೇಯರ್ ಹಾಡು ಬಂದಾಗ ಮತ್ತೆ ಲಿಫ್ಟ್ ಬಂತು. ಅದನ್ನು ಯಾರೂ ಸಮರ್ಥಿಸಬೇಡಿ, ಸಮರ್ಥನೆ ಇಲ್ಲ.

ಹಳೇಕ್ಯಾಸೆಟ್

ಇಲ್ಲ. ಅದನ್ನು ನಾನೂ ದಾಟಿಸಿಬಿಡುತ್ತೇನೆ.

‘ಮತ್ತೆ ಮುಟ್ಟುವ ಅಗತ್ಯ ಏನು’ ಅನ್ನುವುದಕ್ಕೆ ಉತ್ತರ ಅದೇ ಆಲ್ಬಮ್‌ನಲ್ಲಿ ಇದೆ. ಕ್ರಾಫರ್ಡ್ ಬೇರೆಯವರ ಹಾಡು ಮಾತ್ರ ಅಲ್ಲ, ತಮ್ಮದೇ ಹಾಡುಗಳನ್ನೂ ಮತ್ತೆ ಮುಟ್ಟಿದ್ದಾರೆ. ‘ಲಾಸ್ಟ್ ನೈಟ್ ಅಟ್ ಡಾನ್ಸ್‌ಲ್ಯಾಂಡ್’ 1980ರ ‘ನೌ ವಿ ಮೇ ಬಿಗಿನ್’ ಆಲ್ಬಮ್‌ನದ್ದು, ಅದನ್ನು ನಿರ್ಮಿಸಿದ್ದು ಕ್ರುಸೇಡರ್ಸ್ ತಂಡವೇ. ‘ರಿಯೊ ಡಿ ಜನೈರೊ ಬ್ಲೂ’ 1981ರ ‘ಸೀಕ್ರೆಟ್ ಕಾಂಬಿನೇಶನ್’ನದ್ದು, ಅದರ ನಿರ್ಮಾಪಕರು ಇದೇ ಲಿಪೂಮಾ. ಅಂದರೆ 2006ರಲ್ಲಿ ಆ ಸ್ಟುಡಿಯೊದಲ್ಲಿ ಕೂತವರಲ್ಲಿ ಬಹಳಷ್ಟು ಜನ ಹಳೇ ಪರಿಚಯ. ಮೆಕ್‌ಬ್ರೈಡ್ ಹೊಸಬರು, ‘ಸ್ಟ್ರೀಟ್ ಲೈಫ್’ ಬಂದಾಗ ಅವರಿಗೆ ಏಳು ವರ್ಷ!

1981ರ ‘ರಿಯೊ’ ಕೇಳಿ, ತಕ್ಷಣ 2006ರದ್ದು ಕೇಳಿ. ಹಳೆಯದರಲ್ಲಿ ದನಿ ಎಳೆಯದು, ಕೊನೆಯಲ್ಲಿ ಸಣ್ಣಗೆ ವೇಗವಾಗಿ ನಡುಗುತ್ತದೆ, ಆ ನಡುಕವೇ ಆಕೆಯ ಗುರುತಾಗಿತ್ತು. ಹೊಸದರಲ್ಲಿ 54 ವರ್ಷ. ದನಿ ಸ್ವಲ್ಪ ಕೆಳಗೆ ಇಳಿದಿದೆ, ಅಂಚು ಒರಟಾಗಿದೆ, ನಡುಕವನ್ನು ಎಲ್ಲೆಂದರಲ್ಲಿ ಖರ್ಚು ಮಾಡುವುದಿಲ್ಲ. ಹಳೆಯದರಲ್ಲಿ ಊರು ಬಿಟ್ಟು ಹೋಗಬೇಕು ಅನ್ನುವ ಆಸೆ ಕೇಳುತ್ತದೆ. ಹೊಸದರಲ್ಲಿ, ಹೋಗಿ ಬಂದೆ, ಚೆನ್ನಾಗಿತ್ತು, ಈಗ ಮಂಡಿ ನೋವು. ನಗಬೇಡಿ, ನನಗೆ ಹಾಗೇ ಕೇಳಿಸುತ್ತದೆ.

ಮಳೆ ಮೋಡ

ಸ್ಯಾಂಪಲ್ ಬೇರೆ ಗಾಯಕಿಯರ ಜೊತೆ ಇಂಥದ್ದು ಮಾಡಿಲ್ವಾ?

ಎಡಗೈ

ಮಾಡಿದ್ದಾರೆ, ಇದಕ್ಕಿಂತ ಮೊದಲೇ. 1999ರಲ್ಲಿ ಲೇಲಾ ಹ್ಯಾಥವೇ ಜೊತೆ ‘ದಿ ಸಾಂಗ್ ಲಿವ್ಸ್ ಆನ್’. ಸೋಲ್ ಗಾಯಕ ಡಾನಿ ಹ್ಯಾಥವೇ ಅವರ ಮಗಳು. ‘ಸ್ಟ್ರೀಟ್ ಲೈಫ್’ ಅಲ್ಲಿಯೂ ಇದೆ, ಬೇರೆ ದನಿಯಲ್ಲಿ. ನಿಜ ಹೇಳಬೇಕೆಂದರೆ ನನಗೆ ಅದೇ ಹೆಚ್ಚು ಇಷ್ಟ. ಲೇಲಾ ದನಿ ತುಂಬಾ ಕೆಳಗಿನದು, ದಪ್ಪ, ಜೇನಿನ ಹಾಗೆ ಹರಿಯುವುದು. ಸ್ಯಾಂಪಲ್ ಅಲ್ಲಿ ಮೇಲಿನ ಮನೆಯಲ್ಲಿ ಆಡುತ್ತಾರೆ, ಕೆಳಗಿನ ಮನೆ ಆಕೆಗೆ ಬಿಟ್ಟು. ಕ್ರಾಫರ್ಡ್ ಜೊತೆ ಆ ಓಣಿಯಲ್ಲಿ ಓಡಾಡುತ್ತಾರೆ ಅಂದೆನಲ್ಲ, ಇಲ್ಲಿ ಜಾಗವೇ ಬೇರೆ. ಗಾಯಕಿ ಬದಲಾದರೆ ಪಿಯಾನೊ ಕೂರುವ ಜಾಗವೂ ಬದಲಾಗುತ್ತದೆ. ಕಲಿಯುವವರು ಎರಡನ್ನೂ ಇದಕ್ಕಾಗಿಯೇ ಕೇಳಬೇಕು.

ಹಳೇಕ್ಯಾಸೆಟ್

ಲೇಲಾ ಅದ್ಭುತ, ಒಪ್ಪಿದೆ. ಆದರೆ ಅಲ್ಲಿ ಗುರು, ಶಿಷ್ಯೆ ಅನಿಸುತ್ತದೆ. ಇಲ್ಲಿ ಸಮಸಮ. ನನಗೆ ಇದೇ ಇರಲಿ.

ತಿಳಿಸಾರು

ಈ ಜೋಡಿಯ 2008ರ ‘ನೋ ರಿಗ್ರೆಟ್ಸ್’ ಯಾರೂ ಎತ್ತಲಿಲ್ಲ. ನನಗೆ ಅದು ಇದಕ್ಕಿಂತ ಹಿಡಿಸಿತು. ಬ್ಲೂಸ್ ಜಾಸ್ತಿ, ಸ್ವಲ್ಪ ಧೂಳು ಇದೆ, ಸ್ವಲ್ಪ ಬೆವರು ಇದೆ. ಎಡಿತ್ ಪಿಯಾಫ್ ಅವರ ಫ್ರೆಂಚ್ ಹಾಡನ್ನು ಶೀರ್ಷಿಕೆ ಮಾಡಿಕೊಂಡಿದ್ದಾರೆ, ಅದು ಒಂದೇ ಸ್ವಲ್ಪ ಜಾಸ್ತಿಯಾಯಿತು.

ಎರಡು ವರ್ಷದ ಅಂತರದಲ್ಲಿ ಸ್ಯಾಂಪಲ್ ಸ್ವಲ್ಪ ಕೈ ಬಿಟ್ಟು ನುಡಿಸಿದ್ದಾರೆ ಅಂತ ನನ್ನ ಅನಿಸಿಕೆ. ಮೊದಲನೆಯದರಲ್ಲಿ ಹೊಸದಾಗಿ ಬಂದ ಅಳಿಯನ ಥರ ಇದ್ದರು, ಎರಡನೆಯದರಲ್ಲಿ ತಾವೇ ಹೋಗಿ ಫ್ರಿಜ್ ತೆಗೆಯುತ್ತಾರೆ.

ಹಳೇಕ್ಯಾಸೆಟ್

ಫ್ರಿಜ್ ಹಾಸ್ಯ ಒಪ್ಪಿದೆ, ಮನೆ ಆಕೆಯದು ಅನ್ನುವುದನ್ನು ನೀವೂ ಒಪ್ಪಿದ ಹಾಗಾಯಿತು. ಬರೆದುಕೊಂಡೆ.

2012ರಲ್ಲಿ ‘ಲೈವ್’ ಕೂಡ ಬಂತು, ಅದರಲ್ಲಿ ಬೇಸ್ ಸ್ಯಾಂಪಲ್ ಅವರ ಮಗ ನಿಕ್ಲಾಸ್. ಅದರ ಸಿಡಿ ಆನ್‌ಲೈನ್‌ನಲ್ಲಿ ತರಿಸಿದ್ದೆ, ಡಬ್ಬಿಯೊಳಗೆ ಸಿಡಿ ಎರಡು ತುಂಡಾಗಿ ಬಂತು. ವಾಪಸ್ ಕಳಿಸಿದರೆ ಇನ್ನೊಂದು ಕಳಿಸಿದರು, ಅದರಲ್ಲಿ ಭಕ್ತಿಗೀತೆ ಇತ್ತು. ಕೊನೆಗೆ ಫೋನಿನಲ್ಲೇ ಕೇಳಿದೆ.

ಗಲ್ಫ್ ಗಾಳಿ

ಭಕ್ತಿಗೀತೆ ಹೇಗಿತ್ತು?

ಹಳೇಕ್ಯಾಸೆಟ್

ಚೆನ್ನಾಗಿತ್ತು. ಅಮ್ಮ ಇಟ್ಟುಕೊಂಡರು.

ರಾತ್ರಿಪಾಳಿ

ಈ ಎಳೆ ಓದಿ ‘ಸ್ಟ್ರೀಟ್ ಲೈಫ್’ 11 ನಿಮಿಷದ್ದು ಈಗ ತಾನೇ ಕೇಳಿದೆ. ಶುರುವಿನಲ್ಲಿ ನಿಧಾನವಾಗಿ ಹಾಡಿ, ಆಮೇಲೆ ಒಮ್ಮೆಲೇ ತಾಳ ಹಿಡಿಯುತ್ತದಲ್ಲ, ಆಗ ನಾನು ಕುರ್ಚಿಯಲ್ಲೇ ಎದ್ದು ಕೂತೆ. ಇದನ್ನು ಎಲ್ಲೋ ಕೇಳಿದ್ದೇನೆ ಅನಿಸಿತು. ಹುಡುಕಿದರೆ 1997ರ ‘ಜ್ಯಾಕಿ ಬ್ರೌನ್’ ಸಿನಿಮಾ. ಮತ್ತೆ ಹುಡುಕಿದರೆ ಇನ್ನೊಂದು ಸಿಕ್ಕಿತು, ಟುಪ್ಯಾಕ್ 1995ರಲ್ಲಿ ಅಮ್ಮನ ಮೇಲೆ ಹಾಡಿದ ರ‍್ಯಾಪ್ ಇದೆಯಲ್ಲ, ಅದರ ಹಿಂದಿನ ಸಂಗೀತ ಸ್ಯಾಂಪಲ್ ಅವರ 1978ರ ‘ರೇನ್‌ಬೋ ಸೀಕರ್’ ಆಲ್ಬಮ್‌ನ ಒಂದು ತುಣುಕು. ಕಾಲೇಜಿನಲ್ಲಿ ಸಾವಿರ ಸಲ ಕೇಳಿದ್ದೆ. ಅಂದರೆ ಈ ಮನುಷ್ಯನ ಪರಿಚಯ ನನಗೆ ಮೊದಲೇ ಇತ್ತು. ಅಲ್ಲಿಯೂ ಹಿಂದೆಯೇ ಕೂತಿದ್ದರು.

ಪಿಟೀಲು ಮನೆ

ಹಿಂದೆ ಅಲ್ಲ. ಮುಂಚೆ.

ಕೀಬೋರ್ಡ್ ಕಲಿಯೋನು

ಎಡಗೈ ಮೇಡಂ, ಒಂದು ವಾರ ಆಯಿತು. ನೀವು ಹೇಳಿದ ಹಾಗೆ ಮೂರೇ ಸ್ವರ. ಮೊದಲ ಎರಡು ದಿನ ಬೆರಳಿಗೆ ಏನೂ ಕೆಲಸ ಇಲ್ಲದೆ ಕಾಲು ಅಲ್ಲಾಡಿಸುತ್ತಾ ಕೂತಿದ್ದೆ. ಮೂರನೇ ದಿನ ಅಕ್ಕ ಹಾಡಿದಳು, ಬೈಯಲಿಲ್ಲ. ನಾಲ್ಕನೇ ದಿನ ಒಂದು ಸಾಲನ್ನು ಬೇಕಂತಲೇ ತಡ ಮಾಡಿ ಹಾಡಿದಳು, ನಾನು ಮುಂದೆ ಹೋಗಿಬಿಟ್ಟೆ, ಆದರೂ ಅವಳು ಬಂದು ಸೇರಿಕೊಂಡಳು.

ಈಗ ಹೊಸ ತಲೆನೋವು. ಸಿ ಅವಳಿಗೆ ಎತ್ತರ ಆಗುತ್ತಂತೆ. ಶ್ರುತಿ ಇಳಿಸಿ ಎ ಫ್ಲ್ಯಾಟ್‌ನಲ್ಲಿ ನುಡಿಸು ಅನ್ನುತ್ತಾಳೆ. ಅಲ್ಲಿ ಆ ಎರಡೆರಡು ಸ್ವರ ಯಾವುವು?

ತಿಳಿಸಾರು

ಕೀಬೋರ್ಡ್‌ನಲ್ಲಿ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಇದೆಯಲ್ಲ, ನಾಲ್ಕು ಸಲ ಒತ್ತಿ ಮುಗಿಸಿ.

ಎಡಗೈ

ಆ ಗುಂಡಿ ಮುಟ್ಟಿದರೆ ನನ್ನ ಹತ್ತಿರ ಮಾತಾಡಬೇಡಿ, ಇಬ್ಬರೂ.

ಬಿ ಫ್ಲ್ಯಾಟ್ ಮೈನರ್ ಸೆವೆನ್‌ನಿಂದ ಶುರು ಮಾಡಿ. ಅದರ ಮೂರನೆಯದು ಡಿ ಫ್ಲ್ಯಾಟ್, ಏಳನೆಯದು ಎ ಫ್ಲ್ಯಾಟ್. ಮುಂದಿನದು ಕೂತು ಎಣಿಸಿ. ಒಂದೇ ಬೆರಳು ಅಲ್ಲಾಡಬೇಕು ಅನ್ನುವುದು ನೆನಪಿದ್ದರೆ ತಾನಾಗಿ ಸಿಗುತ್ತದೆ. ಸಿಗದಿದ್ದರೆ ಭಾನುವಾರ ಬರೆಯಿರಿ, ಶನಿವಾರ ಪಾಠ ಇದೆ.